ಆ ಸೂಜಿ ನನ್ನ ಕೈಗೆ ಬರುತ್ತಿತ್ತು

ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅರಿವಳಿಕೆ ಕೊಟ್ಟವನು ನಾನು. ಥಯೋಪೆಂಟೋನ್ ಅನ್ನುವ ಹಳದಿ ಪುಡಿಯನ್ನು ನೀರಿಗೆ ಬೆರೆಸಿ ನರಕ್ಕೆ ಬಿಡುವಾಗ, ಬಾಯಲ್ಲಿ ಬೆಳ್ಳುಳ್ಳಿ ರುಚಿ ಬಂತು ಅನ್ನುತ್ತಲೇ ಕೆಲವರ ನಾಲಗೆ ತೊದಲುತ್ತಿತ್ತು. ಒಂದು ಬರಗಾಲದ ವರ್ಷ, ಹರ್ನಿಯಾ ಆಪರೇಷನ್ನಿಗೆ ಮಲಗಿದ್ದ ರೈತರೊಬ್ಬರನ್ನು "ಊರಲ್ಲಿ ಮಳೆ ಚೆನ್ನಾಗಿ ಆಯ್ತಲ್ಲ ಯಜಮಾನ್ರೇ?" ಎಂದು ಕೇಳಿದೆ. "ಹೂಂ ಸಾರ್, ಕೆರೆ ಕೋಡಿ ಬಿದ್ದೈತೆ" ಅಂದರು. ಆ ಕೆರೆಯಲ್ಲಿ ದನಕ್ಕೆ ಕುಡಿಯಲೂ ನೀರಿರಲಿಲ್ಲ.

ಇದೇ ಮದ್ದು ಸತ್ಯ ಹೊರಡಿಸುತ್ತದೆಂದು ನಂಬಿ ನಾನಾ ರಾಜ್ಯಗಳ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೆ ತರುತ್ತಿದ್ದ ಕಾಲವೊಂದಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಮಂಪರಿನ ಮಾತು ಟೀವಿಯಲ್ಲೇ ಬಂತು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಅದಕ್ಕೆ ತಡೆ ಹಾಕಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದೂ ಕೂಡದು ಎಂದಿತು.

ಅಂದು ತೀರ್ಪು ಆಚೆಗೆ ವಾಲಿದ್ದರೆ? ವಾಲುವುದಕ್ಕೆ ದಾರಿಯೂ ಇತ್ತು. ಬೆರಳಚ್ಚು, ಕೈಬರಹದ ಮಾದರಿ ಪಡೆದರೆ ಆರೋಪಿಯಿಂದ ಅವನ ವಿರುದ್ಧವೇ ಸಾಕ್ಷಿ ಹೇಳಿಸಿದಂತಲ್ಲ ಎಂದು 1961ರಲ್ಲಿ ಹನ್ನೊಂದು ಮಂದಿಯ ಪೀಠ ಹೇಳಿತ್ತು. ನಮ್ಮ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಈ ಪರೀಕ್ಷೆಗೆ ಅಸ್ತು ಅಂದಿದ್ದವು.

ತೀರ್ಪು ಹಾಗೆ ವಾಲಿದ್ದರೆ ಈ ಪರೀಕ್ಷೆ ಬೆಂಗಳೂರಿನಲ್ಲೇ ನಿಲ್ಲುತ್ತಿರಲಿಲ್ಲ. ದೇವಸ್ಥಾನದ ಒಡವೆ ಕದ್ದನೆಂದು ಹಿಡಿದ ಹುಡುಗನನ್ನು ರಾತ್ರಿ ಹತ್ತಕ್ಕೆ ನಮ್ಮ ತಾಲ್ಲೂಕು ಆಸ್ಪತ್ರೆಗೇ ಕರೆತರುತ್ತಿದ್ದರು. ಆದೇಶದ ಕಾಗದ ಮೇಜಿನ ಮೇಲೆ. ನರ ಹುಡುಕಬೇಕಾದವನು ನಾನು. ಮದ್ದು ತುಸು ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಆ 'ತುಸು' ಒಬ್ಬೊಬ್ಬರಿಗೆ ಒಂದೊಂದು. "ಒಡವೆ ಬಾವಿಗೆ ಹಾಕಿದೆಯಲ್ಲ?" ಅಂದರೆ ಹುಡುಗ "ಹೂಂ ಸಾರ್" ಅನ್ನುತ್ತಿದ್ದ. ಬಾವಿಯಲ್ಲಿ ಏನೂ ಸಿಗದಿದ್ದರೆ ಮರುದಿನ ಮತ್ತೆ ಅವನ ಕೈ ಚಾಚಿಸುತ್ತಿದ್ದರು.

ದೊಡ್ಡ ಕೊಲೆಯೊಂದು ನಡೆದಾಗಲೆಲ್ಲ ಜನ ಈಗಲೂ ಮಂಪರು ಪರೀಕ್ಷೆ ಮಾಡಿಸಿ ಎಂದು ಕೂಗುತ್ತಾರೆ. 2025ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ತೀರ್ಪನ್ನೇ ಮತ್ತೆ ಎತ್ತಿ ಹೇಳಬೇಕಾಯಿತು. ಕೂಗುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರು ಆ ಮೇಜಿನ ಪಕ್ಕ ನಿಂತವರಲ್ಲ.

ನಾನು ಒಲ್ಲೆ ಅನ್ನುತ್ತಿದ್ದೆನೇ? ಮಗಳು ಆಗ ಪಿಯುಸಿಯಲ್ಲಿದ್ದಳು, ವರ್ಗಾವಣೆಯೆಂದರೆ ಹೆದರುತ್ತಿದ್ದೆ. ಪುಡಿಗೆ ನೀರು ಬೆರೆಸುತ್ತಿದ್ದೆನೇನೋ.