ಹಾಲಿಲ್ಲದ ತಿಂಗಳುಗಳ ಲೆಕ್ಕ

ಎಮ್ಮೆ ಕಟ್ಟಿದ ಮನೆಯಲ್ಲಿ ‘ಮುಂದೇನು’ ಎಂಬ ಮಾತು ಬಂದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಇನ್ನೊಂದು ಎಮ್ಮೆ ತರೋಣ. ಬೆಳಗಾವಿಯ ಖಾಸಬಾಗದ ಹಿತ್ತಿಲಿನ ಎರಡು ಎಮ್ಮೆಗಾಗಲಿ, ಖಾನಾಪುರದ ಕಾಡಂಚಿನ ಗವಳಿಗರ ಹಿಂಡಿಗಾಗಲಿ ಇದು ಗುರಿಯಲ್ಲ, ಖರ್ಚು. ಗುರಿ ಇಡಬೇಕಾದದ್ದು ಒಂದು ಸೂಲಿಗೂ ಮುಂದಿನ ಸೂಲಿಗೂ ನಡುವಿನ ತಿಂಗಳುಗಳ ಮೇಲೆ.

ಎಮ್ಮೆ ಗಬ್ಬವಿರುವುದು ಸುಮಾರು 310 ದಿನ. 14 ತಿಂಗಳಿಗೊಮ್ಮೆ ಈಯಬೇಕೆಂದರೆ, ಈದ ನಾಲ್ಕು ತಿಂಗಳೊಳಗೆ ಮತ್ತೆ ಗಬ್ಬ ಕಟ್ಟಬೇಕು. ಹತ್ತು ತಿಂಗಳು ಹಿಂಡಿತು ಎಂದಿಟ್ಟುಕೊಳ್ಳಿ. ಬತ್ತಿದ ಕಾಲ ನಾಲ್ಕೇ ತಿಂಗಳು. ಅದೇ ಎಮ್ಮೆ 20 ತಿಂಗಳಿಗೆ ಈದರೆ ಹತ್ತು ತಿಂಗಳು ಹಾಲಿಲ್ಲ. ಮೇವು–ಹಿಂಡಿಗೆ ದಿನಕ್ಕೆ 150 ರೂಪಾಯಿ ಹಿಡಿದರೂ ಹೆಚ್ಚುವರಿ ಆರು ತಿಂಗಳಿಗೆ 27,000 ರೂಪಾಯಿ ಹೋಯಿತು. ಯಾರ ಕಿಸೆಯಿಂದಲೂ ಒಮ್ಮೆಲೇ ಹೋಗುವುದಿಲ್ಲವಾದ್ದರಿಂದ ಯಾರಿಗೂ ಕಾಣುವುದಿಲ್ಲ.

ಮಾಂಸಕ್ಕಾಗಿ ದನ ಸಾಕುವ ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಮೊದಲ ಗುರಿ ಇದೇ: ಹಸುವಿಗೆ ವರ್ಷಕ್ಕೊಂದು ಕರು. ಗಬ್ಬ ಕಟ್ಟದ್ದನ್ನು ಅವರು ಮಾರಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಕರ್ನಾಟಕದಲ್ಲಿ 2021ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆ ಆಕಳು, ಎತ್ತು, ಹೋರಿ, ಕರುಗಳ ವಧೆಯನ್ನು ಪೂರ್ತಿ ನಿಷೇಧಿಸಿದೆ. ಎಮ್ಮೆ–ಕೋಣಗಳ ವಧೆಗೆ ಅವಕ್ಕೆ 13 ವರ್ಷ ತುಂಬಿರಬೇಕು. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಸಾಕುವವನ ಮಟ್ಟಿಗೆ ಅರ್ಥ ಇಷ್ಟೇ: ಗೊಡ್ಡು ದನವನ್ನು ಕೊನೆಯಲ್ಲಿ ಮಾರಿ ನಷ್ಟ ತುಂಬಿಕೊಳ್ಳುವ ದಾರಿ ಕಿರಿದಾಗಿದೆ, ಎಚ್ಚರವೆಲ್ಲ ಮೊದಲೇ ಬೇಕು.

ಎಚ್ಚರ ತಪ್ಪುವುದು ಬೆದೆಯಲ್ಲಿ. ಎಮ್ಮೆಯದು ಬಹುಪಾಲು ಮೂಕಬೆದೆ, ಬೇಸಿಗೆಯಲ್ಲಂತೂ ಇನ್ನಷ್ಟು. ಆಕಳಿನ ಹಾಗೆ ಕೂಗಿ ಕರೆಯುವುದಿಲ್ಲ. ರಾತ್ರಿ ಅಥವಾ ನಸುಕಿನಲ್ಲಿ ಮಲಗಿದಲ್ಲಿ ತಿಳಿಯಾದ ಲೋಳೆ ಸುರಿದಿರುತ್ತದೆ, ಮೇಲಿಂದ ಮೇಲೆ ಉಚ್ಚೆ ಹೊಯ್ಯುತ್ತದೆ, ಹಾಲು ಸ್ವಲ್ಪ ಇಳಿಯುತ್ತದೆ. ಸೆಗಣಿ ಬಾಚುವ ಮನೆಯ ಹೆಣ್ಣುಮಗಳಿಗೆ ಇದು ಮೊದಲು ಕಾಣುತ್ತದೆ. ಡಾಕ್ಟರಿಗೆ ಫೋನ್ ಮಾಡುವುದು ಮಾತ್ರ ಗಂಡಸು, ಅದೂ ಮರುದಿನ. ಒಂದು ಬೆದೆ ತಪ್ಪಿದರೆ 21 ದಿನ ಹೋದಂತೆ.

ಗಬ್ಬ ತಡವಾಗುವುದರಲ್ಲಿ ಮೇವಿನದೂ ಪಾಲಿದೆ. ಕಬ್ಬಿನ ಹಂಗಾಮಿನಲ್ಲಿ ಬರೀ ಹಸಿ ಸೋಗೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಭತ್ತದ ಹುಲ್ಲಿನಲ್ಲಿ ಸತ್ವವೇ ಕಡಿಮೆ. ಖನಿಜ ಮಿಶ್ರಣವನ್ನು ಹಿಂಡಿಯಷ್ಟೇ ಅಗತ್ಯ ಎಂದು ತಿಳಿಯಬೇಕು.

ಶಾಬಾದಿಮಠವೋ ಕಾಲನಿರ್ಣಯವೋ, ಗೋಡೆಯ ಮೇಲಿರುವ ಕ್ಯಾಲೆಂಡರಿನಲ್ಲಿ ಈದ ದಿನ, ಬೆದೆಯ ದಿನ, ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸಿದ ದಿನ ಬರೆದಿಡಿ. ಇಂಜೆಕ್ಷನ್ ಆಗಿ ಮೂರು ತಿಂಗಳೊಳಗೆ ಗಬ್ಬ ಪರೀಕ್ಷೆ ಮಾಡಿಸಿ. ಈದು ನಾಲ್ಕು ತಿಂಗಳಾದರೂ ಬೆದೆಯ ಗುರುತಿಲ್ಲದಿದ್ದರೆ ಹೊಸ ಎಮ್ಮೆಗೆಂದು ಕೂಡಿಟ್ಟ ಹಣದಲ್ಲಿ ಒಂದಿಷ್ಟನ್ನು ಈ ಎಮ್ಮೆಯ ತಪಾಸಣೆಗೆ ತೆಗೆಯಿರಿ.