ಸಹಾಯಧನ ಫಲಕಕ್ಕೆ, ಛಾವಣಿಯ ಹೊಣೆ ಯಾರಿಗೆ?

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಮೇಲೆ ಸೌರಫಲಕ ಅಳವಡಿಸುವ ಗುರಿ ಹೊಂದಿದೆ. ಮೂರು ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಕೇಂದ್ರದ ಸಹಾಯಧನವನ್ನೂ ನಿಗದಿಪಡಿಸಲಾಯಿತು. ಇದು ಸ್ವಾಗತಾರ್ಹ. ಆದರೆ ಫಲಕದ ಬಗ್ಗೆ ಇಷ್ಟೊಂದು ಮಾತನಾಡುವ ನಾವು ಅದನ್ನು ಹೊರಬೇಕಾದ ಛಾವಣಿಯ ಬಗ್ಗೆ ಮೌನವಾಗಿದ್ದೇವೆ.

ಕಟ್ಟಡ ನಿರ್ಮಾಣದ ನಿಯಂತ್ರಣವನ್ನು ಸಂವಿಧಾನದ ಹನ್ನೆರಡನೆಯ ಅನುಸೂಚಿಯು ನಗರಾಡಳಿತಗಳ ಕಾರ್ಯಗಳಲ್ಲಿ ಸೇರಿಸಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ತನ್ನಷ್ಟಕ್ಕೆ ಕಾನೂನಲ್ಲ. ಸ್ಥಳೀಯ ನಿಯಮಗಳಲ್ಲಿ ಅಳವಡಿಸಿಕೊಂಡಾಗಲೇ ಅದಕ್ಕೆ ಬಲ. ಇತ್ತ 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳನ್ನು ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನವಿಲ್ಲದೆಯೇ ಅಂಗೀಕೃತವೆಂದು ಪರಿಗಣಿಸುತ್ತವೆ. ಜನರ ಅಲೆದಾಟ ತಪ್ಪಿತು, ನಿಜ. ಆದರೆ ಆ ಅಂಗೀಕಾರವು ವಿದ್ಯುತ್ ಜಾಲಕ್ಕೆ ಸಂಬಂಧಿಸಿದ್ದೇ ಹೊರತು ಛಾವಣಿಯ ದೃಢತೆಗೆ ಕೊಟ್ಟ ಪ್ರಮಾಣಪತ್ರವಲ್ಲ.

ಫಲಕದ ಭಾರಕ್ಕೆ ಹೆದರುವವರಿದ್ದಾರೆ. ಚೌಕಟ್ಟು ಸೇರಿ ಚದರ ಮೀಟರಿಗೆ ಸುಮಾರು 15ರಿಂದ 20 ಕಿಲೋ ತೂಗುವ ಫಲಕವನ್ನು ಸುಸ್ಥಿತಿಯ ಕಾಂಕ್ರೀಟ್ ತಾರಸಿಯು ಸಾಮಾನ್ಯವಾಗಿ ಹೊರಬಲ್ಲದು. ದೊಡ್ಡ ಅಪಾಯ ಗಾಳಿಯದ್ದು. ಓರೆಯಾಗಿ ನಿಂತ ಫಲಕದಡಿ ನುಗ್ಗುವ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ಐಎಸ್ 875 ಮಾನಕವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ನಿಗದಿಪಡಿಸಿದೆ. ಅಂತರ ಅಲ್ಪವೆಂದು ತೋರಬಹುದು. ಆದರೆ ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಇತರ ಅಂಶಗಳು ಸಮನಾಗಿದ್ದರೆ, ಕರಾವಳಿಯ ಫಲಕವು ಸುಮಾರು ಶೇ. 40ರಷ್ಟು ಹೆಚ್ಚು ಒತ್ತಡವನ್ನು ತಾಳಬೇಕು. ಎಲ್ಲ ಊರಿಗೂ ಒಂದೇ ಬೋಲ್ಟು, ಒಂದೇ ಚೌಕಟ್ಟು ಎಂಬ ಲೆಕ್ಕ ಇಲ್ಲಿ ನಡೆಯದು.

ಬೆಂಕಿಯ ವಿಷಯವೂ ಇದೆ. ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವವರೆಗೆ ಫಲಕದ ತಂತಿಗಳಲ್ಲಿ ವಿದ್ಯುತ್ ಇರಬಲ್ಲದು. ಗೋಡೆಗೆ ಗೋಡೆ ತಾಗಿದ ಓಣಿಗಳಲ್ಲಿ, ಅಗ್ನಿಶಾಮಕ ಸಿಬ್ಬಂದಿಗೆ ಕಾಲಿಡಲು ಜಾಗವಿಲ್ಲದಂತೆ ತಾರಸಿ ತುಂಬುವುದು ನೆರೆಮನೆಯವರಿಗೂ ಮಾಡುವ ಅನ್ಯಾಯ.

ನಿಯಮ ಬೇಕೆಂದರೆ ಲಂಚಕ್ಕೆ ಇನ್ನೊಂದು ಬಾಗಿಲು ತೆರೆಯಬೇಕೆಂದಲ್ಲ. ಗಾಳಿ, ಛಾವಣಿಯ ಸ್ಥಿತಿ, ಬೆಂಕಿ ಈ ಮೂರನ್ನೂ ಒಳಗೊಂಡ ಒಂದು ಪುಟದ ತಪಾಸಣಾ ನಮೂನೆಯನ್ನು ನಗರಾಡಳಿತಗಳು ರೂಪಿಸಲಿ. ಬಡವರಿಗೆ ತಪಾಸಣೆ ಉಚಿತವಾಗಿರಲಿ. ಅಲ್ಲಿಯವರೆಗೆ ಮನೆಯವರೂ, ಮಸೀದಿ ಮತ್ತು ಶಾಲೆಗಳ ಆಡಳಿತ ಸಮಿತಿಗಳೂ ಗುತ್ತಿಗೆದಾರರಿಂದ ಗಾಳಿಯ ಒತ್ತಡದ ಲೆಕ್ಕವನ್ನು ಲಿಖಿತವಾಗಿ ಕೇಳಿ ಪಡೆಯಲಿ. ಹಳೆಯ ತಾರಸಿ, ಹಂಚು, ಶೀಟಿನ ಮಾಡುಗಳಾದರೆ ಮೊದಲು ಇಂಜಿನಿಯರರಿಗೆ ತೋರಿಸಲಿ. ಕರೆಂಟ್ ಬಿಲ್ಲು ಇಳಿಯಬೇಕು. ಆದರೆ ಅದಕ್ಕಾಗಿ ಬೀದಿಯಲ್ಲಿ ನಡೆಯುವವರ ಜೀವವನ್ನು ಪಣಕ್ಕಿಡುವ ಹಕ್ಕು ನಮಗಾರಿಗೂ ಇಲ್ಲ.