ಗಾಳಿ ಇಳಿದ ಗಾಲಿ



ಕಳೆದ ತಿಂಗಳು ಅಟ್ಟದ ಮೇಲಿನ ಹಳೆಯ ಪಾತ್ರೆಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆನು. ಈ ಸಲ ಅಟ್ಟವನ್ನು ಬಿಟ್ಟು ಅಂಗಳಕ್ಕಿಳಿದು, ಅಲ್ಲಿ ನಿಂತ ಮೋಟಾರಿನ ಡಿಕ್ಕಿಯನ್ನು ತೆರೆದು ನೋಡೋಣ. ಹಾಸನ್ನೆತ್ತಿದರೆ ಅದರ ತಳದಲ್ಲಿ ಐದನೆಯ ಗಾಲಿಯೊಂದು ಮಲಗಿರುವದು. ಮನೆಯಲ್ಲಿ ಎಲ್ಲರೂ ಅದನ್ನು ಸ್ಟೆಪ್ನಿ ಎನ್ನುವರು. ಆದರೆ ಅದನ್ನು ನೋಡಿ ಎಷ್ಟು ದಿನಗಳಾದವೆಂದು ಕೇಳಿದರೆ ಯಜಮಾನರು ತಲೆ ಕೆರೆದುಕೊಳ್ಳುವರು.

ಮೊದಲು ಆ ಹೆಸರಿನ ವಿಚಾರ. ಸ್ಟೆಪ್ನಿ ಎಂಬುದು ಮೂಲದಲ್ಲಿ ವಸ್ತುವಿನ ಹೆಸರಲ್ಲ, ಒಂದು ಬೀದಿಯ ಹೆಸರು. ಮೋಟಾರುಗಳು ಹುಟ್ಟಿದ ಆರಂಭದಲ್ಲಿ ಅವುಗಳಿಗೆ ಹೆಚ್ಚಿನ ಗಾಲಿಯೇ ಇರಲಿಲ್ಲ. ಮೊಳೆ ಚುಚ್ಚಿದರೆ ದಾರಿಯಲ್ಲಿಯೇ ಟಾಯರನ್ನು ಬಿಚ್ಚಿ, ತೇಪೆ ಹಚ್ಚಿ, ಕೈಪಂಪಿನಿಂದ ಗಾಳಿ ಹೊಡೆಯಬೇಕಾಗುತ್ತಿತ್ತು. ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನ ಥಾಮಸ್ ಮಾರಿಸ್ ಡೇವಿಸ್ ಎಂಬವನು 1904ರಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಅರಗಳಿಲ್ಲದ ಬರಿಯ ಬಳೆಯೊಂದಕ್ಕೆ ಗಾಳಿ ತುಂಬಿದ ಟಾಯರನ್ನು ತೊಡಿಸಿ, ಅದನ್ನು ಕೆಟ್ಟ ಗಾಲಿಯ ಪಕ್ಕಕ್ಕೆ ಬಿಗಿಯುವದೇ ಆ ಉಪಾಯ. ಅದು ತಯಾರಾದ ಸ್ಟೆಪ್ನಿ ಬೀದಿಯ ಹೆಸರೇ ಅದಕ್ಕೂ ಬಂದಿತು. ಇಂಗ್ಲಿಷರು ಆ ಶಬ್ದವನ್ನು ಬಹುಮಟ್ಟಿಗೆ ಮರೆತರು. ನಮ್ಮ ದೇಶದಲ್ಲಿಯೂ ಮಾಲ್ಟಾ ದ್ವೀಪದಲ್ಲಿಯೂ ಅದು ಇನ್ನೂ ಜೀವಿಸಿರುವದು. ಹೆತ್ತ ಮನೆಯಲ್ಲಿ ಮಾಸಿದ ಹೆಸರು ಕೊಟ್ಟ ಮನೆಯಲ್ಲಿ ಬಾಳುವದುಂಟು.

ನಮ್ಮ ಪೂರ್ವಿಕರಿಗೆ ಗಾಲಿಯ ಅಂಗಾಂಗಗಳೆಲ್ಲ ಪರಿಚಿತವಾಗಿದ್ದವು. ಅಮರಕೋಶವು ಗಾಲಿಯ ಅಂಚಿಗೆ ನೇಮಿ, ಪ್ರಧಿ ಎಂಬ ಹೆಸರುಗಳನ್ನು ಕೊಟ್ಟಿದೆ. ರಥಚಕ್ರಕ್ಕೆ ತೊಡಿಸುವ ಲೋಹದ ಪಟ್ಟಿಗೆ ವೇದದಲ್ಲಿ ಪವಿ ಎಂಬ ಶಬ್ದವುಂಟು. ನಮ್ಮ ಚಕ್ಕಡಿಯ ಗಾಲಿಗೆ ಕಾಯಿಸಿ ತೊಡಿಸುವ ಕಬ್ಬಿಣದ ಹಳಿಯೂ ಅದೇ ಕುಲದ್ದು. ಹಳಿಗೆ ಮೊಳೆಯ ಭಯವಿಲ್ಲ. ಆದರೆ ಅದರ ಮೇಲೆ ಕುಳಿತವನ ಬೆನ್ನೆಲುಬಿಗೆ ಸುಖವೂ ಇಲ್ಲ. 1845ರಲ್ಲಿ ರಾಬರ್ಟ್ ಥಾಮ್ಸನ್ ಎಂಬವನು ಗಾಳಿ ತುಂಬಿದ ಟಾಯರಿಗೆ ಹಕ್ಕುಪತ್ರವನ್ನು ಪಡೆದನು. 1888ರಲ್ಲಿ ಡನ್‌ಲಪ್ಪನು ಅದನ್ನು ಮತ್ತೊಮ್ಮೆ ಹೊಸದಾಗಿ ಕಂಡುಹಿಡಿದು ಬಳಕೆಗೆ ತಂದನು. ಅಂದಿನಿಂದ ನಾವು ಗಾಳಿಯ ಮೇಲೆ ಕುಳಿತು ಸಂಚರಿಸುತ್ತಿರುವೆವು. ವಾಯುದೇವನ ಹೆಗಲೇರಿದವರಿಗೆ ಒಂದು ಮೊಳೆಯೂ ಶತ್ರುವಾಗುವದರಿಂದ, ಐದನೆಯ ಗಾಲಿಯು ಆಪದ್ಬಂಧುವಾಯಿತು.

ಇನ್ನು ಪಂದ್ಯದ ಕುದುರೆಗಳಂತಿರುವ ವಾಹನಗಳುಂಟು. ಸ್ಪೋರ್ಟ್ಸ್ ಕಾರುಗಳೆಂದು ಅವುಗಳಿಗೆ ಹೆಸರು. ಅವು ಗಿಡ್ಡ, ಒಳಗೆ ಸ್ಥಳವು ಕಡಿಮೆ. ಜರ್ಮನಿಯ ಪೋರ್ಶೆ 911ರಲ್ಲಿ ಇಂಜಿನು ಹಿಂದಕ್ಕಿರುವದು. ಪೆಟ್ರೋಲಿನ ಟಾಕಿ, ಗಂಟು-ಮೂಟೆ ಎಲ್ಲವೂ ಮುಂದಕ್ಕೆ. ಅಲ್ಲಿ ಪೂರ್ಣಾಕಾರದ ಗಾಲಿಯನ್ನು ಎಲ್ಲಿ ಇಡಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಮಡಿಚುವ ಟಾಯರು. 1960ರ ದಶಕದ ಉತ್ತರಾರ್ಧದಲ್ಲಿ ಅಮೇರಿಕೆಯ ಗುಡ್‌ರಿಚ್ ಕಂಪನಿಯವರು ಇಂಥದೊಂದನ್ನು ಮಾರಿದರು; ಮುಂದೆ ಪೋರ್ಶೆಯ 911, 928, 944 ಮೊದಲಾದವುಗಳಿಗೆ ಹಾಲಂಡಿನ ವ್ರೆಡೆಸ್ಟೈನ್ ಕಂಪನಿಯ ಮಡಿಚುವ ಟಾಯರುಗಳು ಬಂದವು. ಇದರ ಪಕ್ಕದ ಗೋಡೆಗಳು ತಿದಿಯ ಮಡಿಕೆಗಳಂತೆ ಒಳಕ್ಕೆ ಮಡಿಚಿಕೊಂಡು ಉಕ್ಕಿನ ಬಳೆಗೆ ಅಂಟಿಕೊಂಡಿರುವವು. ಗಾಳಿ ತುಂಬಿದೊಡನೆ ವಾಮನನು ತ್ರಿವಿಕ್ರಮನಾಗುವನು. ಗಾಳಿ ತೆಗೆದರೆ ತಿರುಗಿ ವಾಮನನೇ. ಆದರೆ ತ್ರಿವಿಕ್ರಮನನ್ನು ಮರಳಿ ವಾಮನನನ್ನಾಗಿ ಮಾಡುವದರಲ್ಲಿಯೇ ಜನರು ಎಡವುವರು.

ಇದಕ್ಕೊಂದು ಪ್ರತ್ಯಕ್ಷ ದೃಷ್ಟಾಂತವನ್ನು ಹೇಳುವೆನು. ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಇಂಥ ಹಳೆಯ ವಾಹನವೊಂದನ್ನು ಎರಡನೆಯ ಕೈಯಿಂದ ಕೊಂಡಿದ್ದನು. ಕಳೆದ ಆಷಾಢದಲ್ಲಿ ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಬೆಳಗಾವಿಯ ಮೇಲಿಂದ ಗೋವೆಗೆ ಹೊರಟನು. ಮಚ್ಛೆಯನ್ನು ದಾಟಿ, ನಮ್ಮ ದೇಸೂರನ್ನು ಬಿಟ್ಟು ಖಾನಾಪುರದ ಕಡೆಗೆ ಹೋಗುವಾಗ, ನೀರು ತುಂಬಿದ ಕುಣಿಯಲ್ಲಿ ಅಡಗಿದ್ದ ಕಲ್ಲಿನ ಅಲಗು ಹಿಂದಿನ ಟಾಯರಿನ ಪಕ್ಕವನ್ನು ಸೀಳಿತು. ಮುಚ್ಚಂಜೆಯ ಹೊತ್ತು, ನಮ್ಮ ಸೀಮೆಯ ಮಳೆ. ಅವನು ನನಗೆ ಫೋನು ಮಾಡಿದನು. ನಾನು ಹಾದಿಯ ಪಂಕ್ಚರ್ ಅಂಗಡಿಯವನನ್ನು ಕರೆದುಕೊಂಡು ಹೋದೆನು.

ಶಿಷ್ಯನು ಒಳಗಿನಿಂದ ತೆಗೆದ ಗಾಲಿಯನ್ನು ಕಂದೀಲು ಹಿಡಿದು ನೋಡಿ ಅಂಗಡಿಯವನು, “ಇದೇನ್ರಿ ಸಾಹೇಬ್ರ, ಟಾಯರೋ ಹಪ್ಪಳೋ?” ಎಂದನು.

“ಗಾಳಿ ತುಂಬಿದ್ರ ಸರಿ ಆಗತೈತ್ರಿ ಸರ,” ಎಂದು ಶಿಷ್ಯನು ನನ್ನ ಮುಖವನ್ನು ನೋಡಿದನು.

ಗಾಳಿ ತುಂಬಿದರು; ಸರಿಯಾಗಲಿಲ್ಲ. ಮಡಿಕೆಯ ಒಂದು ಕಡೆಯಲ್ಲಿ ರಬ್ಬರು ಬಿರಿದು ಬುಸ್ಸೆಂದು ಗಾಳಿ ಹೊರಟಿತು. ಹಿಂದೆ ಯಾರೋ ಅದನ್ನು ಒಮ್ಮೆ ಬಳಸಿ, ಗಾಳಿ ಪೂರ್ಣ ಇಳಿಯುವ ಮೊದಲೇ ತುಳಿದು ಮಡಿಚಿ, ಗುಂಡಿಯಲ್ಲಿ ತುರುಕಿ ಮುಚ್ಚಳ ಹಾಕಿದ್ದರೆಂಬುದು ಅದರ ಡೊಂಕು ಮಡಿಕೆಗಳಿಂದಲೇ ತಿಳಿಯಿತು. ಭಾರದ ಲಾರಿಗಳು ಕೆಸರು ಸಿಡಿಸುತ್ತ ಮೈಮೇಲೆ ಬಂದಂತೆ ಹಾಯ್ದು ಹೋಗುತ್ತಿರಲು, ಆ ತಾಯಿ ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಲದ ಒಡ್ಡಿನ ಮೇಲೆ ನಿಂತಿದ್ದಳು. ಆ ರಾತ್ರಿ ಅವರು ನಮ್ಮ ಮನೆಯಲ್ಲಿ ಉಂಡು ಮಲಗಿದರು. ಮೋಟಾರು ಮರುದಿನ ಬೇರೊಂದು ವಾಹನದ ಬೆನ್ನೇರಿ ಬೆಳಗಾವಿಗೆ ಹೋಯಿತು. ಒಬ್ಬನ ಐದು ನಿಮಿಷದ ಅವಸರವು ಮತ್ತೊಬ್ಬನ ಹೆಂಡಿರು ಮಕ್ಕಳನ್ನು ಕತ್ತಲೆಯಲ್ಲಿ ನಿಲ್ಲಿಸಿತು.

ಆದುದರಿಂದ ಈ ಗಾಲಿಯನ್ನು ಇಳಿಸಿ ಇಡುವ ಕ್ರಮವನ್ನು ಸಾವಕಾಶವಾಗಿ ತಿಳಿದುಕೊಳ್ಳೋಣ. ಮೊದಲನೆಯದಾಗಿ, ರಿಪೇರಿಯಾದ ನಿಜವಾದ ಗಾಲಿಯನ್ನು ಸ್ವಸ್ಥಾನದಲ್ಲಿ ಬಿಗಿದ ಮೇಲೆಯೇ ಇದರ ಗಾಳಿಯನ್ನು ತೆಗೆಯಬೇಕು. ಎರಡನೆಯದಾಗಿ, ಕೆಸರನ್ನು ತೊಳೆದು ಒರೆಸಬೇಕು. ಮಡಿಕೆಯಲ್ಲಿ ಸಿಕ್ಕ ಒಂದು ಹರಳು ವರ್ಷಗಟ್ಟಲೆ ರಬ್ಬರನ್ನು ಒತ್ತುತ್ತಿರುವದು. ಮೂರನೆಯದಾಗಿ, ವಾಲ್ವಿನ ಪಿನ್ನನ್ನು ಬರಿದೆ ಒತ್ತಿ ಹಿಡಿದರೆ ಸಾಲದು, ತಿರುವಿ ಹೊರಗೆ ತೆಗೆಯಬೇಕು. ಬುಸುಗುಟ್ಟುವದು ನಿಂತಿತೆಂದು ಗಾಳಿಯೆಲ್ಲ ಹೋಯಿತೆಂದು ತಿಳಿಯಬಾರದು. ಟಾಯರು ತನ್ನ ಹಳೆಯ ಮಡಿಕೆಗಳನ್ನು ತಾನೇ ನೆನೆಸಿಕೊಂಡು ಮೆಲ್ಲಮೆಲ್ಲನೆ ಒಳಕ್ಕೆ ಸರಿಯುವದು; ಇದಕ್ಕೆ ಹಲವು ತಾಸುಗಳು ಹಿಡಿಯುವವು. ತುಳಿಯಬಾರದು, ಬಡಿಯಬಾರದು, ಹಗ್ಗದಿಂದ ಬಿಗಿಯಬಾರದು. ರಾತ್ರಿ ಪಡಸಾಲೆಯಲ್ಲಿ ಮಲಗಿಸಿ, ಬೆಳಿಗ್ಗೆ ನೋಡುವದೇ ಲೇಸು. ಕೊನೆಗೆ ಮಡಿಕೆಗಳ ಮೇಲೆ ಬೆರಳಾಡಿಸಿ ಬಿರುಕುಗಳಿಲ್ಲವೆಂದು ಕಂಡು, ಪಿನ್ನನ್ನು ತಿರುಗಿ ಕೂಡಿಸಿ, ಟೊಪ್ಪಿಗೆಯನ್ನು ಹಾಕಿ, ಗುಂಡಿಯಲ್ಲಿ ಇಡತಕ್ಕದ್ದು. ಗಾಳಿ ತುಂಬುವ ಪುಟ್ಟ ಯಂತ್ರವು ಅದರ ಮಗ್ಗುಲಲ್ಲಿಯೇ ಇರತಕ್ಕದ್ದು. ಯಂತ್ರವಿಲ್ಲದ ಮಡಿಚುಗಾಲಿಯು ಕಡ್ಡಿಪೆಟ್ಟಿಗೆಯಿಲ್ಲದ ದೀಪ.

ಏರಿಸುವಾಗ ನೆನೆಯಬೇಕಾದುದು ಇಷ್ಟೇ. ಗಾಲಿಯನ್ನು ಅಚ್ಚಿಗೆ ಬಿಗಿದು, ಜಾಕಿನ ಮೇಲೆ ವಾಹನವಿರುವಾಗಲೇ, ಭಾರವು ಅದರ ಮೇಲೆ ಬೀಳುವ ಮೊದಲೇ, ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿಯನ್ನು ತುಂಬಬೇಕು. ಇದು ತಾತ್ಪೂರ್ತಿಕ ಗಾಲಿ. ತಾಸಿಗೆ 80 ಕಿಲೋಮೀಟರಿಗಿಂತ ಹೆಚ್ಚಿನ ವೇಗವು ಸಲ್ಲದು. ಇನ್ನೊಂದು ವಿನೋದವುಂಟು: ಮಡಿಚಿದ ಗಾಲಿ ಹಿಡಿಯುವ ಗುಂಡಿಯಲ್ಲಿ, ಬಿಚ್ಚಿದ ದೊಡ್ಡ ಗಾಲಿಯು ಹಿಡಿಯುವದಿಲ್ಲ. ಕೆಸರು ಮೆತ್ತಿದ ಆ ಅತಿಥಿಯನ್ನು ಸೀಟಿನ ಮೇಲೆಯೇ ಕೂಡಿಸಬೇಕಾಗುವದು. ಅದಕ್ಕಾಗಿ ಒಂದು ಗೋಣಿತಟ್ಟು ಯಾವಾಗಲೂ ಸಂಗಡಲಿರಲಿ.

“ಮಾಸ್ತರರೇ, ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿಯದು?” ಎಂದು ನೀವು ಕೇಳಬಹುದು. ವಿಷಯವು ನಿಮ್ಮ ಅಂಗಳಕ್ಕೂ ಬಂದಿದೆ. ಟ್ಯೂಬಿಲ್ಲದ ಟಾಯರು, ಗಾಳಿಯ ಒತ್ತಡವನ್ನು ತಿಳಿಸುವ ಯಂತ್ರ, ರಿಪೇರಿಯ ಸಾಮಗ್ರಿ, ಈ ಮೂರೂ ಇದ್ದರೆ 3.5 ಟನ್ನಿನೊಳಗಿನ ಪ್ರಯಾಣಿಕ ಕಾರುಗಳಿಗೆ ಐದನೆಯ ಗಾಲಿ ಬೇಕಿಲ್ಲವೆಂದು ಭಾರತ ಸರಕಾರವು 2020ರಲ್ಲಿ ನಿಯಮವನ್ನು ತಿದ್ದಿತು. ಹೊಸ ವಾಹನಗಳಲ್ಲಿ ಕೆಲವಕ್ಕೆ ತೆಳುವಾದ ಗಾಲಿ. ಕೆಲವಕ್ಕೆ ಅದೂ ಇಲ್ಲ, ಅಂಟಿನ ಡಬ್ಬಿ ಮಾತ್ರ. ಆ ಅಂಟು ಟಾಯರಿನ ನೆಲ ಮುಟ್ಟುವ ಭಾಗದಲ್ಲಿ ಮೊಳೆ ಮಾಡಿದ ರಂಧ್ರವನ್ನು ಮುಚ್ಚಬಲ್ಲದು. ಪಕ್ಕದ ಗೋಡೆ ಸೀಳಿದರೆ ಅದರ ಆಟ ನಡೆಯದು. ಕಲ್ಲು-ಕುಣಿಗಳ ಹಾದಿ, ಮುಂದೆ ಘಟ್ಟದ ಕಾಡು, ನಾಲ್ಕು ತಿಂಗಳ ಮಳೆ, ಇವುಗಳ ನಡುವೆ ಬಾಳುವ ನಾವು ವಾಹನವನ್ನು ಕೊಳ್ಳುವಾಗ ಬಣ್ಣವನ್ನು ಕೇಳುವ ಮೊದಲು ಐದನೆಯ ಗಾಲಿಯನ್ನು ಕೇಳುವದು ವಿವೇಕ. ಡಬ್ಬಿಯು ಪಟ್ಟಣದ ಬೀದಿಗೆ ಸಾಕು. ಖಾನಾಪುರದ ಆಚೆಗೆ ಸಾಲದೆಂದು ನನ್ನ ಅಭಿಪ್ರಾಯ.

ಗಾಲಿ ಇದ್ದವರು ಅದರ ವಯಸ್ಸನ್ನೂ ನೋಡಿರಿ. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುವವು: ಮೊದಲಿನ ಎರಡು ವಾರದ ಸಂಖ್ಯೆ, ಕಡೆಯ ಎರಡು ವರ್ಷ. 3219 ಎಂದಿದ್ದರೆ 2019ನೆಯ ವರ್ಷದ 32ನೆಯ ವಾರದಲ್ಲಿ ಹುಟ್ಟಿದ್ದೆಂದು ಅರ್ಥ. ಓಡದಿದ್ದರೂ ರಬ್ಬರು ಮುಪ್ಪಾಗುವದು. ಹತ್ತು ವರ್ಷ ದಾಟಿದುದನ್ನು ನಂಬಬಾರದು.

ಖಂಡೇನವಮಿಯ ದಿನ ನಾಲ್ಕು ಗಾಲಿಗಳಿಗೆ ಕುಂಕುಮ ಹಚ್ಚಿ, ಲಿಂಬೆಹಣ್ಣುಗಳನ್ನಿಟ್ಟು ಪೂಜಿಸುವೆವು. ಕತ್ತಲೆಯಲ್ಲಿ ಮಲಗಿದ ಐದನೆಯದಕ್ಕೆ ಒಂದು ಹೂವೂ ಇಲ್ಲ. ಈ ವರ್ಷ ಅದನ್ನು ಬೆಳಕಿಗೆ ತೆಗೆಯಿರಿ, ಗಾಳಿಯನ್ನು ಅಳೆಯಿರಿ, ಜಾಕು ಪಾನಾಗಳಿರುವವೋ ನೋಡಿರಿ, ಗಾಲಿ ಬದಲಿಸುವ ಬಗೆಯನ್ನು ಮನೆಯ ಹೆಣ್ಣುಮಕ್ಕಳಿಗೂ ಕಲಿಸಿರಿ. ಹೂವಿಗಿಂತ ಅದಕ್ಕೆ ಬೇಕಾದ ಪೂಜೆ ಇದೇ.